ಮುನ್ನೂರ ಹನ್ನೆರಡು ಹೆಸರು

ನನ್ನ ಗಂಡನ ಹೆಸರು ಗುರುಪಾದಪ್ಪ.

ಮದುವಿಯಾಗಿ ಹದಿನೇಳು ವರ್ಷ ಈ ಹೆಸರು ಬರಿ ಬಾಯಿಲೆ ನಾ ಅಂದಿರಲಿಲ್ಲ. ಒಡಪಿನಾಗ ಅಂದಿದ್ದೆ. ಎರಡು ಸಾಲು ಪದ ಕಟ್ಟಿ, ನಡುವ ಗಂಡನ ಹೆಸರು ಇಟ್ಟು ಹೇಳಿದರ ಅದಕ್ಕ ದೋಷ ಇಲ್ಲ. ಬರಿ ಹೆಸರು ಅಂದರ ಅವನ ಆಯುಷ್ಯ ಸವೀತೈತಿ ಅಂತ ನಮ್ಮವ್ವ ಹೇಳಿದ್ದಳು. ಆಕಿಗೆ ಆಕಿ ಅವ್ವ ಹೇಳಿದ್ದಳು.

ಬರಿ ಬಾಯಿಲೆ ಮೊದಲನೇ ಸಲ ಅಂದೆ. ಎಂಬತ್ತೆಂಟರಾಗ. ಯಾಕ ಅಂದೆ ಅನ್ನೂದನ್ನ ಬರೀತೀನಿ. ನಾ ಖಾನಾಪುರದ ಕನ್ನಡ ಸಾಲಿಯೊಳಗ ನಾಕನೇ ಇಯತ್ತೆ ತನಕ ಕಲಿತಾಕಿ. ತಪ್ಪಿದ್ದರ ಇರಲಿ.

ಅವರು ಟೈಪಿಸ್ಟ್. ಬೆಳಗಾವಿಯೊಳಗ ಒಂದು ಲಾರಿ ಆಫೀಸಿನಾಗ ಹದಿನಾರು ವರ್ಷ ಕೆಲಸ ಮಾಡಿದರು. ತೆಳ್ಳಗಿನ ಮನಷ್ಯಾ. ಬಿಳಿ ಅಂಗಿ ಮೂರು ಇದ್ದವು. ಒಂದು ಮೈ ಮ್ಯಾಲ, ಒಂದು ಹಗ್ಗದ ಮ್ಯಾಲ, ಒಂದು ಇಸ್ತ್ರಿ ಆಗಿ ಗೂಟಕ್ಕ. ಲಾರಿ ಆಫೀಸಿನಾಗ ದಿನಾ ಹತ್ತು ಮಂದಿ ಡ್ರೈವರಗೋಳು ಹೊರಗಿಂದ ಗುರುಪಾದಪ್ಪಾ ಅಂತ ಒದರತಿದ್ದರು. ಇವರು ತಲಿ ಎತ್ತದ ಓ ಅಂತಿದ್ದರು. ಕೈ ನಿಲ್ಲತಿದ್ದಿಲ್ಲ. ಆ ಚಟ ಮನಿಗೂ ಬಂದಿತ್ತು. ಓಣಿಯಾಗ ಯಾರರ ಆ ಹೆಸರಿನ ಬ್ಯಾರೆ ಮನಷ್ಯಾನ್ನ ಕರದರ ಇವರು ಒಳಗ ಕೂತು ಓ ಅಂತಿದ್ದರು.

ಇನ್ನೊಂದು ಚಟ ಇತ್ತು. ಕೂತಲ್ಲಿ ಬೆರಳು ಆಡಸೂದು. ತೊಡಿ ಮ್ಯಾಲ, ತಾಟಿನ ಅಂಚಿನ ಮ್ಯಾಲ. ಒಮ್ಮೆ ಕೇಳಿದೆ:

"ಏನ್ ಬರದ್ರಿ?"

"ನೀ ಈಗ ಅಂದದ್ದು."

"ನಾ ಬದನಿಕಾಯಿ ಹುಳಕ ಬಂದಾವು ಅಂದೆ."

"ಅದನ್ನ ಬರದೆ."

ಇಷ್ಟ ನೋಡ್ರಿ ಅವರ ಸರಸ. ಮಕ್ಕಳಾಗಲಿಲ್ಲ. ಶಿವಬಸವ ನಗರದಾಗ ಎರಡು ಖೋಲಿ ಬಾಡಿಗಿ ಮನಿ. ನಾ ಮಾತಾಡತಿದ್ದೆ, ಅವರು ತೊಡಿ ಮ್ಯಾಲ ಬರೀತಿದ್ದರು.

ಎಂಬತ್ತೇಳರಾಗ ನಾಗಲಿಂಗ ಅನ್ನಾಂವ ಟಿಳಕವಾಡಿಯೊಳಗ ಕಂಪ್ಯೂಟರ್ ಇಟ್ಟ. ಪುಣೆದಾಗ ಓದಿದಾಂವ, ಇವರಿಗಿಂತ ಹತ್ತು ವರ್ಷ ಸಣ್ಣಾಂವ. ಬ್ಯಾರೆ ಬ್ಯಾರೆ ಆಫೀಸಿನವರ ಯಾದಿ ಮಾಡಿ ಕೊಡೂದು ಅವನ ಕೆಲಸ. ಟೈಪ್ ಜೋರಾಗಿ ಬರಾಂವ ಬೇಕು ಅಂತ ಇವರನ್ನ ಕರದ. ಆರು ವಾರ ಪುಣೆಗೆ ಕಳಿಸಿದ.

ಹೋಗುವಾಗ ಮಾತಾಡಕೋತ ಹೋದರು. ಬಂದಾಗ ಮಾತಿಲ್ಲ. ಮೂರನೇ ದಿನ ಊಟಕ್ಕ ಕೂತಾಗ ಅಂದರು:

"ಕಾಶೀ, ಇಷ್ಟ ದಿನ ನಾ ಬಡದದ್ದು ಹಾಳಿ ಮ್ಯಾಲ ಬೀಳತಿತ್ತು. ಹಾಳಿಗೆ ಏನೂ ತಿಳೀತಿದ್ದಿಲ್ಲ. ಇದು ಕೇಳತೈತಿ."

"ಏನ್ ಕೇಳತೈತಿ?"

"ಹೇಳಿದ್ದನ್ನ. ಯಾದಿ ಒಳಗ ಇಡು ಅಂದ್ರ ಇಡತೈತಿ. ಇಂಥಾವರನ್ನ ತೋರಸು ಅಂದ್ರ ತೋರಸತೈತಿ. ಆದ್ರ ಅದಕ್ಕ ತನ್ನದ ಒಂದು ಭಾಷಾ ಐತಿ. ಎಸ್‌ಕ್ಯೂಎಲ್ ಅಂತಾರ."

"ಮರಾಠಿ ಬರೂದಿಲ್ಲೇನು?"

"ಇಲ್ಲ."

"ಖಾನಾಪುರದಾಗ ಎಮ್ಮಿಗೂ ಎರಡು ಭಾಷಾ ಬರತಾವ. ಎಂಥಾ ಪೆಟಿಗಿ ಅದು?"

ಅವರು ನಗಲಿಲ್ಲ. ರಂಗೋಲಿ ಡಬ್ಬಿ ತಗೊಂಡು ನೆಲದ ಮ್ಯಾಲ ಗೆರಿ ಎಳದರು. ಅಡ್ಡ ಗೆರಿ, ಉದ್ದ ಗೆರಿ. ಇದಕ್ಕ ಟೇಬಲ್ ಅಂತಾರ ಅಂದರು. ಒಂದು ಅಡ್ಡ ಸಾಲು ಅಂದ್ರ ಒಬ್ಬ ಮನಷ್ಯಾ. ಮ್ಯಾಲಿಂದ ಕೆಳಗ ಬರೂದು ಕಾಲಂ. ಮೊದಲನೇ ಕಾಲಮ್ಮಿನಾಗ ನಂಬರ, ಎರಡನೇದ್ರಾಗ ಹೆಸರು, ಮೂರನೇದ್ರಾಗ ಅಪ್ಪನ ಇಲ್ಲಾ ಗಂಡನ ಹೆಸರು.

"ಇನ್ಸರ್ಟ್ ಇಂಟು ಅಂದ್ರ ಒಳಗ ಹಾಕು ಅಂತ. ಆಮ್ಯಾಲ ಟೇಬಲ್ಲಿನ ಹೆಸರು. ಆಮ್ಯಾಲ ವ್ಯಾಲ್ಯೂಸ್ ಅಂದು, ಕಂಸದಾಗ ಆ ಒಬ್ಬ ಮನಷ್ಯಾನ ವಿವರ. ಕಾಲಂ ಯಾವ ಸರತಿಗೆ ಅದಾವೋ ಅದ ಸರತಿಗೆ. ನಡುನಡುವ ಕಾಮಾ. ಸರತಿ ತಪ್ಪಿದ್ರ ಗಂಡನ ಜಾಗಾದಾಗ ಹೆಂಡತಿ ಕುಂದರತಾಳ."

"ಕುಂದರಲಿ ಬಿಡ್ರಿ, ಒಂದ ದಿನ. ಎರಡನೇ ಮನಷ್ಯಾಗ ಏನ್ ಮಾಡತೀರಿ?"

"ಮತ್ತ ಮೊದಲಿಂದ ಹೇಳೂದು. ಇನ್ಸರ್ಟ್ ಇಂಟು."

"ಮುನ್ನೂರು ಮಂದಿ ಇದ್ರ?"

"ಮುನ್ನೂರು ಸಲ."

"ಹಂಗಾರ ಇದ್ಯಾವ ಶ್ಯಾಣ್ಯಾತನ? ನಮ್ಮಪ್ಪ ಹೆಂಚು ಒಂದೊಂದ ಸುಡತಿದ್ದಿಲ್ಲ."

ನಮ್ಮಪ್ಪ ಖಾನಾಪುರದ ಹೆಂಚಿನ ಕಾರ್ಖಾನಿಯೊಳಗ ಭಟ್ಟಿ ಕೆಲಸದಾಗ ಇದ್ದ. ನಾ ಬುತ್ತಿ ಒಯ್ಯತಿದ್ದೆ. ನೋಡಿದ್ದೆಲ್ಲಾ ಹೇಳಿದೆ. ಹಸಿ ಹೆಂಚು ಮೊದಲ ಶೆಡ್ಡಿನಾಗ ಹಲಿಗಿ ಮ್ಯಾಲ ಇಡತಾರ. ಅಲ್ಲಿ ಸೊಟ್ಟಂದೂ ಇರತೈತಿ, ಮೂಲಿ ಮುಕ್ಕಾದದ್ದೂ ಇರತೈತಿ, ಯಾರೂ ಏನೂ ಅನ್ನೂದಿಲ್ಲ. ಎಲ್ಲಾ ಒಣಗಿದ ಮ್ಯಾಲ ಭಟ್ಟಿಗೆ ತುಂಬತಾರ. ಸಾವಿರಾರು ಹೆಂಚು, ಒಂದ ಬಾಗಿಲ, ಒಂದ ಬೆಂಕಿ. ಒಂದರಾಗ ಹಸಿ ಉಳಿದಿದ್ದರ ಸಿಡೀತೈತಿ, ಬಾಜೂದ್ದನ್ನೂ ಒಡೀತೈತಿ. ಅದಕ್ಕ ನಮ್ಮಪ್ಪ ತುಂಬೂ ಮೊದಲ ಬೆರಳಿಲೆ ಬಡದು ಸಪ್ಪಳ ಕೇಳತಿದ್ದ.

ಅವರ ಬೆರಳು ನಿಂತವು.

"ಇನ್ನೊಂದ ಸಲ ಹೇಳು," ಅಂದರು.

ಹೇಳಿದೆ.

"ಪುಣೆದಾಗ ಇದನ್ನ ಹೇಳಿಕೊಟ್ಟಿದ್ರು. ನನಗ ತಿಳಿದಿರಲಿಲ್ಲ. ಈಗ ತಿಳೀತು ನೋಡು."

ಮರುದಿನ ಸಂಜೀಕ ಬಂದು ಹೇಳಿದರು. ಎರಡು ಟೇಬಲ್ ಮಾಡಿದ್ದರಂತ. ಒಂದು ಕಚ್ಚಾ, ಒಂದು ಪಕ್ಕಾ. ಕಚ್ಚಾದಾಗ ನಿಯಮ ಇಲ್ಲ. ಖಾಲಿ ಇದ್ದರೂ ನಡೀತೈತಿ, ಆಮ್ಯಾಲ ತಿದ್ದಬಹುದು. ಪಕ್ಕಾಕ್ಕ ನಿಯಮ. ಎಲ್ಲಾ ಸಾಲು ಕಚ್ಚಾದಾಗ ಕೂತ ಮ್ಯಾಲ ಒಂದ ಮಾತು: ಪಕ್ಕಾದೊಳಗ ಹಾಕು, ಕಚ್ಚಾದಾಗಿಂದ ಎಲ್ಲಾ ಎತ್ತಿಕೊಂಡು. ಮುಗೀತು. ಹತ್ತು ಸಾಲು ಇದ್ದರೂ ಅಷ್ಟ ಮಾತು, ಹತ್ತು ಸಾವಿರ ಇದ್ದರೂ ಅಷ್ಟ ಮಾತು.

"ಒಂದ ಉಸಿರಿನಾಗ, ಕಾಶೀ," ಅಂದರು. ಕಣ್ಣು ದೊಡ್ಡವಾಗಿದ್ದವು. ನಲವತ್ತೆರಡರ ಮನಷ್ಯಾ. ಮೊದಲನೇ ಸಲ ರೈಲು ನೋಡಿದವರ ಹಂಗ ಇದ್ದರು.

ಎಂಬತ್ತೆಂಟರ ಬ್ಯಾಸಗಿಯೊಳಗ ಅದ ಹೆಂಚಿನ ಕಾರ್ಖಾನಿಯ ಯಾದಿ ನಾಗಲಿಂಗನ ಆಫೀಸಿಗೆ ಬಂತು. ಕಾರ್ಖಾನಿ ಹಿಂದ ಒಂದು ಮಾಳ ಇತ್ತು, ಖಾಲಿ ಬಯಲು. ಅದನ್ನ ಕೆಲಸಗಾರರಿಗೆ ಮನಿ ಕಟ್ಟಕೊಳ್ಳಾಕ ಹಂಚತೀವಿ ಅಂತ ಆಗಿತ್ತು. ಮುನ್ನೂರ ಹನ್ನೆರಡು ಮಂದಿ. ಬುಧವಾರ ಸಂಜೀ ನಾಕಕ್ಕ ಛಾಪಿಸಿದ ಯಾದಿ ಜಾಗಾ ಹಂಚೂ ಕಮಿಟಿ ಕೈಯಾಗ ಇರಬೇಕು. ಯಾದಿಯಾಗ ಇದ್ದವರ ಹೆಸರಿಲೆ ಚೀಟಿ ಎತ್ತತಾರ. ಇಲ್ಲದವರಿಗೆ ಜಾಗಾ ಇಲ್ಲ. ಲಗ್ನ ಆದ ಹೆಂಗಸರಿಗೆ ಗಂಡನ ಹೆಸರು ಇರಲೇಬೇಕು, ಅಪ್ಪನ ಹೆಸರು ನಡೆಯೂದಿಲ್ಲ. ಕಮಿಟಿಯವರ ಮಾತು ಅದು. ಅದಕ್ಕ ಇವರು ಪಕ್ಕಾ ಟೇಬಲ್ಲಿಗೆ ಒಂದು ನಿಯಮ ಹಾಕಿದ್ದರು: ಮೂರನೇ ಕಾಲಂ ಖಾಲಿ ಇರಬಾರದು.

ನಾಕು ದಿನ ಕೂತು ಮುನ್ನೂರ ಹನ್ನೆರಡು ಸಾಲು ಕಚ್ಚಾದಾಗ ಬಡದರು. ಶನಿವಾರ ಆ ಒಂದು ಮಾತು ಅಂದರು.

ಯಂತ್ರ ಒಲ್ಲೆ ಅಂತು.

"ತುಂಬಲೇಬೇಕಾದ ಕಾಲಂ ಖಾಲಿ ಐತಿ ಅಂತ ಬಂತು," ಅಂದರು ಮನಿಗೆ ಬಂದು. "ನೋಡಿದ್ರ ನಲವತ್ತೊಂದು ಕಡೆ ಖಾಲಿ. ಎಲ್ಲಾ ಹೆಂಗಸರವ."

"ಉಳದವರು ಹೋದ್ರಿಲ್ಲೋ?"

"ಇಲ್ಲ. ಒಬ್ಬರೂ ಹೋಗಿಲ್ಲ."

"ತುಂಬಿದವರರ ಹೋಗಬೇಕಲ್ರಿ!"

"ಒಂದ ಮಾತಿನಾಗ ಕರದ್ರ ಒಂದ ಹಿಂಡು, ಕಾಶೀ. ಹೋದ್ರ ಎಲ್ಲಾರೂ ಒಳಗ. ಒಬ್ಬರ ಉಳದ್ರ ಎಲ್ಲಾರೂ ಹೊರಗ. ಅರ್ಧ ಮರ್ಧ ಇಲ್ಲ."

ಮೊದಲ ಸಿಟ್ಟು ಬಂತು. ಆಮ್ಯಾಲ ಮೈ ಜುಮ್ ಅಂತು. ನಾ ಕಂಡ ಎಲ್ಲಾ ಪಾಳಿಯೊಳಗೂ ಮುಂದಿನವರು ಹೋಗತಿದ್ದರು, ಹಿಂದಿನವರು ಉಳೀತಿದ್ದರು. ಇಂಥಾದ್ದು ಕಂಡಿರಲಿಲ್ಲ.

ನಲವತ್ತೊಂದು ಯಾಕ ಖಾಲಿ ಉಳದವು ಅನ್ನೂದು ನನಗ ಕೇಳಿದ ಕೂಡಲೇ ತಿಳೀತು. ಕಾರ್ಖಾನಿಯ ತಮ್ಮಣ್ಣ ಮೇಸ್ತ್ರಿ ಫಾರಂ ತುಂಬಿದ್ದ. ಒಬ್ಬೊಬ್ಬರನ್ನ ಕಿಡಕಿ ಮುಂದ ಕರದು ಕೇಳಿದ್ದ. ಒಂಟಿ ಹೆಂಗಸು ಗಂಡನ ಹೆಸರು ಹೆಂಗ ಹೇಳಬೇಕು? ಬಾಜೂಕ ಗೆಳತಿ ಇದ್ದರ ಆಕಿ ಹೇಳತಾಳ. ಒಬ್ಬಾಕಿನ್ನ ನಿಲ್ಲಿಸಿದರ ಸೆರಗು ಕಡಕೊಂಡು ನಿಲ್ಲತಾಳ. ತಮ್ಮಣ್ಣಗ ಗಡಬಡಿ. ಖಾಲಿ ಬಿಟ್ಟ.

"ನಾಳೆ ಐತವಾರ. ನಾನೂ ಬರತೀನಿ," ಅಂದೆ. "ಎಲ್ಲಾರನೂ ಒಂದ ಕಡೆ ಕುಂದರಸೂಣು."

ಮುಂಜಾನೆ ಬಸ್ ಹಿಡದ್ವಿ. ಪೀರನವಾಡಿ ದಾಟೂತನಕ ಅವರು ತೊಡಿ ಮ್ಯಾಲ ಬಡದರು. ಖಾನಾಪುರದಾಗ ಕಾರ್ಖಾನಿ ಶೆಡ್ಡಿನ ನೆರಳಿಗೆ ನಲವತ್ತು ಹೆಂಗಸರು ಬಂದು ಕೂತರು. ಅರ್ಧಾ ಕನ್ನಡ, ಅರ್ಧಾ ಮರಾಠಿ. ಇವರು ನೋಟ್‌ಬುಕ್ ಹಿಡಕೊಂಡು ಕಂಬಕ್ಕ ಆತು ನಿಂತರು. ಮೊದಲ ನಾನ ಒಡಪು ಹೇಳಿದೆ:

"ತುಳಸಿ ಕಟ್ಟಿಗಿ ಹಚ್ಚಿದೆ ದೀಪ, ಗುರುಪಾದಪ್ಪಗ ಬರೂದಿಲ್ಲ ಕೋಪ."

"ಖರೇನ?" ಅಂತ ಮುಂದ ಕೂತಿದ್ದ ಭೀಮಕ್ಕ ಇವರನ್ನ ಕೇಳಿದಳು. ಇವರು ನೋಟ್‌ಬುಕ್ಕಿನಾಗ ಮಾರಿ ಇಟ್ಟರು. ಎಲ್ಲಾರೂ ನಕ್ಕರು. ಆತು, ಕೆರಿ ಕಟ್ಟಿ ಒಡದಂಗಾತು.

ನಿಂಗವ್ವ ಎದ್ದಳು: "ಜ್ವಾಳದ ರೊಟ್ಟಿಗಿ ಬೆಣ್ಣಿ ಮುದ್ದಿ, ಕಲ್ಲಪ್ಪ ಬಂದ್ರ ನನಗಿಲ್ಲ ನಿದ್ದಿ."

"ಗೊರಕೀಗೋ, ಮತ್ತ್ಯಾತಕೋ?" ಅಂತ ಹಿಂದಿನಿಂದ ಯಾರೋ ಕೂಗಿದರು.

ಭೀಮಕ್ಕ ಸೊಂಟದ ಮ್ಯಾಲ ಕೈ ಇಟ್ಟು ಹೇಳಿದಳು: "ಮಳಿ ಆದ್ರ ಹೊಳಿ ತುಂಬತೈತಿ, ಯಲ್ಲಪ್ಪ ಕುಡದ್ರ ಊರಿಗೆ ಕೇಳತೈತಿ."

ಮರಾಠಿಯವರು ಮರಾಠಿಯೊಳಗ ಹೇಳಿದರು. ಒಬ್ಬಾಕಿ ನಿಲ್ಲೂದರಾಗ ಇನ್ನೊಬ್ಬಾಕಿ ಏಳತಿದ್ದಳು. ಕಿಡಕಿ ಮುಂದ ಬಾಯಿ ಬಿಡದವರು ಒಂದು ತಾಸಿನಾಗ ನಲವತ್ತು ಹೆಸರು ಕೊಟ್ಟರು. ನಮ್ಮವರು ಹೆಸರಷ್ಟ ಬರಕೊಬೇಕಾಗಿತ್ತು. ಒಡಪೂ ಬರಕೊಂಡರು. ಆ ನೋಟ್‌ಬುಕ್ ನನ್ನ ಹತ್ರ ಐತಿ.

ನಲವತ್ತೊಂದನೇದಾಕಿ ಫಕೀರವ್ವ. ಆಕಿ ದೂರ, ಹಸಿ ಹೆಂಚಿನ ಹಲಿಗಿ ಹತ್ರ ಕೂತಿದ್ದಳು. ಗಂಡ ಇಲ್ಲದಾಕಿ ಒಡಪು ಹೇಳಬಾರದು. ಯಾರೂ ಕರೀಲಿಲ್ಲ, ಆಕೀನೂ ಬರಲಿಲ್ಲ. ಅರವತ್ತು ದಾಟಿದ ಮುದುಕಿ. ಮೂವತ್ತು ವರ್ಷದ ಹಿಂದ ಬಯಲಸೀಮಿ ಕಡೆಯಿಂದ ಗಂಡನ ಕೂಡ ಕುರಿ ಹೊಡಕೊಂಡು ಬಂದಿದ್ದಳು. ಗಂಡ ಇಲ್ಲೇ ತೀರಿಕೊಂಡ. ಆಕಿ ಕಾರ್ಖಾನಿಯೊಳಗ ಹೆಂಚು ಹೊರಾಕ ನಿಂತಳು. ಶೆಡ್ಡಿನ ಮೂಲ್ಯಾಗ ಮಲಗತಿದ್ದಳು. ಆಕಿ ಗಂಡನ ಹೆಸರು ಊರಾಗ ಯಾರಿಗೂ ಗೊತ್ತಿಲ್ಲ. ಕುರಿಯಾಂವ ಅಂತಿದ್ದರಂತ.

ನಮ್ಮವರು ದೂರಿಂದ ನೋಡಿದರು. ಕೇಳಾಕ ಧೈರ್ಯ ಸಾಲಲಿಲ್ಲ. ಬಂದುಬಿಟ್ವಿ.

ಸೋಮವಾರ ನಲವತ್ತು ಚೌಕ ತುಂಬಿ ಮತ್ತ ಆ ಮಾತು ಅಂದರು. ಯಂತ್ರ ಮತ್ತ ಒಲ್ಲೆ ಅಂತು. ಮುನ್ನೂರ ಹನ್ನೊಂದು ಮಂದಿ ಬಾಗಿಲದಾಗ ನಿಂತಿದ್ದರು. ಒಬ್ಬಾಕಿ ಸಲುವಾಗಿ.

ನಾಗಲಿಂಗ ಕೆಟ್ಟ ಮನಷ್ಯಾ ಅಲ್ಲ. ಅವನಿಗೆ ಬುಧವಾರದ ಚಿಂತಿ.

"ಗುರುಪಾದಪ್ಪಾರ, ಒಂದು ಚುಕ್ಕಿ ಇಡ್ರಿ ಅಲ್ಲೆ. ಯಂತ್ರಕ್ಕ ಏನ್ ತಿಳೀತೈತಿ?" ಅಂದನಂತ.

"ಯಂತ್ರಕ್ಕ ತಿಳಿಯೂದಿಲ್ಲ. ಕಮಿಟಿಯವರಿಗೆ ತಿಳೀತೈತಿ. ಚುಕ್ಕಿ ಕಂಡ್ರ ಆಕಿ ಹೆಸರು ಹೊಡದ ಹಾಕತಾರ."

"ಹಂಗಾರ ಒಂದು ಷರತ್ತು ಸೇರಸ್ರಿ. ಖಾಲಿ ಇದ್ದ ಸಾಲು ಬಿಟ್ಟು ಉಳದದ್ದು ಹಾಕು ಅಂತ. ಮುನ್ನೂರ ಹನ್ನೊಂದು ಮಂದಿ ಸಿಟ್ಟು ಬ್ಯಾಡ ನಮಗ. ನಾಳೆ ಸಂಜೀತನ ನೋಡತೀನಿ, ಅಷ್ಟ."

ಅವತ್ತು ಅವರು ತಾಟಿನ ಮುಂದ ಕೂತು ಉಣ್ಣಲಿಲ್ಲ.

"ನಾಗಲಿಂಗ ಸಾಹೇಬ್ರು ಅಂದದ್ದು ಖರೇ ಐತಿ. ನಾಕು ಶಬ್ದ ಅಷ್ಟ, ಕಾಶೀ. ಬಡಿಯಾಕ ಅರ್ಧಾ ನಿಮಿಷ. ಮುದುಕಿ ಹೊರಗ ಉಳೀತಾಳ. ಆಕಿಗೂ ಗೊತ್ತಾಗೂದಿಲ್ಲ."

"ನಿಮಗ ಗೊತ್ತಾಗತೈತಿ."

"ಹೂಂ."

"ಏಳ್ರಿ, ಉಣ್ರಿ. ನಾಳೆ ನಾ ಕೇಳತೀನಿ ಆಕೀನ್ನ."

ಮಂಗಳವಾರ ಮಧ್ಯಾಹ್ನ ಊಟದ ಹೊತ್ತಿಗೆ ಮುಟ್ಟಿದ್ವಿ. ಫಕೀರವ್ವ ರೊಟ್ಟಿ ಮುಗಿಸಿ ಕೈ ತೊಳೀತಿದ್ದಳು. ಮೊಳಕೈತನಕ ಮಣ್ಣು. ಹೆಂಗಸರು ಸುತ್ತ ಇದ್ದರು. ನಮ್ಮವರು ತಮ್ಮಣ್ಣ ಮೇಸ್ತ್ರಿ ಕೂಡ ಕಂಬದ ಹತ್ರ ನಿಂತರು.

"ಅವ್ವಾ, ಗಂಡನ ಹೆಸರಿಲ್ಲದ್ರ ಜಾಗಾ ಸಿಗೂದಿಲ್ಲ," ಅಂದೆ.

"ಸಿಗಲಿಲ್ಲಂದ್ರ ಬ್ಯಾಡ."

"ನಿನಗೊಬ್ಬಾಕಿಗೆ ಅಲ್ಲ. ಆ ಪೆಟಿಗಿ ಯಾರನ್ನೂ ಒಳಗ ಬಿಡವಲ್ದು. ಮುನ್ನೂರು ಮಂದಿ ನಿಂತಾರ."

"ನಾ ಒಬ್ಬಾಕಿ ಇಲ್ಲಂತ?"

"ಹೂಂ. ನೀ ಒಬ್ಬಾಕಿ ಇಲ್ಲಂತ."

ಆಕಿ ನನ್ನ ಮಾರಿ ನೋಡಿದಳು. ಸುಳ್ಳು ಹೇಳತೀನೇನು ಅಂತ ನೋಡಿದಳು. ಆಮ್ಯಾಲ ನಕ್ಕಳು. ಎರಡು ಹಲ್ಲು ಇದ್ದವು.

"ಮೂವತ್ತು ವರ್ಷ ಎಲ್ಲಿ ಮಲಗತೀ ಮುದುಕಿ ಅಂತ ಯಾರೂ ಕೇಳಿಲ್ಲ. ಪೆಟಿಗಿ ಕೇಳತೈತೇನು?"

"ಕೇಳತೈತಿ. ಹೆಸರು ಹೇಳವ್ವಾ."

"ಒಂದ ಸಲ ಹೇಳಿದ್ದೆ," ಅಂದಳು. ನಗು ಹೋತು. "ಹೊಳಿ ಬಂದಿತ್ತು. ಕುರಿಮರಿ ಹಿಡಿಯಾಕ ಇಳದ. ನಾ ದಂಡಿ ಮ್ಯಾಲ ನಿಂತು ಹೆಸರು ಹಿಡದು ಕರದೆ. ಹುಟ್ಟಿ ಮೊದಲನೇ ಸಲ. ಕೇಳಿ ಹೊಳ್ಳಿ ನೋಡಿದ. ಹೊಳ್ಳಿದ್ದಕ್ಕ ಕಾಲು ಜಾರಿತು. ನಾ ಕರೀಲಿಲ್ಲಂದ್ರ ಹೊಳ್ಳತಿದ್ದಿಲ್ಲ. ಈ ನಾಲಿಗಿ ತಿಂತು ಅವನ್ನ. ಇನ್ನ ಅನ್ನೂದಿಲ್ಲ."

ಹಂಗಲ್ಲವ್ವಾ ಅಂತ ಹೇಳಬಹುದಾಗಿತ್ತು. ಹೇಳಿದರ ಆಕಿ ಯಾಕ ನಂಬಬೇಕು? ನಾನೂ ಹದಿನೇಳು ವರ್ಷ ಅದನ್ನ ನಂಬಿದಾಕಿ. ನಾನ ನಂಬಿಕೊಂಡು ಆಕಿಗೆ ನಂಬಬ್ಯಾಡ ಅಂತ ಹೆಂಗ ಹೇಳಲಿ?

ಹೊಳ್ಳಿ ಕಂಬದ ಕಡೆ ನೋಡಿದೆ.

"ಗುರುಪಾದಪ್ಪಾ," ಅಂದೆ. ಒಡಪಿಲ್ಲ. ಬರಿ ಹೆಸರು.

"ಓ," ಅಂದರು. ತಲಿ ಎತ್ತಲಿಲ್ಲ. ಆಮ್ಯಾಲ ತಲಿ ಎತ್ತಿದರು. ಕರದಾಂವ ಡ್ರೈವರ ಅಲ್ಲ, ನಾನು ಅಂತ ತಿಳಿದು ಬಾಯಿ ತೆರದು ನಿಂತರು.

ಶೆಡ್ಡೆಲ್ಲಾ ನಗಿ. ಭೀಮಕ್ಕ ನೆಲಕ್ಕ ಕೂತು ನಕ್ಕಳು. ತಮ್ಮಣ್ಣ ಮೇಸ್ತ್ರಿ ಟೊಪ್ಪಿಗಿ ತಗದು ಮಾರಿ ಮುಚ್ಚಕೊಂಡ. ಫಕೀರವ್ವ ಒಬ್ಬಾಕಿ ನಗಲಿಲ್ಲ.

"ಅಯ್ಯ ನಿನ್ನ! ಮುತ್ತೈದಿ ಇದ್ದೀ, ಬಾಯಿ ಮುಚ್ಚ!"

"ಇನ್ನೊಮ್ಮೆ ಅನ್ನತೀನಿ. ನೀ ಅನ್ನೂತನ ಅನ್ನತೀನಿ. ಗುರು..."

ಆಕಿ ಹಾರಿ ಬಂದು ಅಂಗೈಲೆ ನನ್ನ ಬಾಯಿ ಮುಚ್ಚಿದಳು. ಹಸಿ ಮಣ್ಣಿನ ವಾಸನಿ. ನನ್ನ ಬಾಯಿ ಒತ್ತಿ ಹಿಡಕೊಂಡು, ನನ್ನ ಭುಜದ ಮ್ಯಾಲಿಂದ ಎಲ್ಲೋ ನೋಡಕೋತ, ಅಂದಳು:

"ಮಾಯಪ್ಪ."

ನಮ್ಮವರು ಎರಡನೇ ಸಲ ಕೇಳಲಿಲ್ಲ. ಬರಕೊಂಡರು.

ಹೊಳ್ಳಿ ಬಸ್ ಹತ್ತಿದ್ವಿ. ಪೀರನವಾಡಿ ಬಂದಾಗ ಅವರು, "ಇನ್ನೊಮ್ಮೆ ಕರೀತೀಯೇನು?" ಅಂದರು.

"ಸುಮ್ನ ಕುಂದರ್ರಿ," ಅಂದೆ.

ಬುಧವಾರ ಮುಂಜಾನೆ ನನ್ನನ್ನೂ ಆಫೀಸಿಗೆ ಕರಕೊಂಡು ಹೋದರು. ನಾಗಲಿಂಗ, "ಬರ್ರಿ ಅಕ್ಕಾರ, ಕುಂದರ್ರಿ. ನೀವು ಬರಸಿದ್ದು ನೀವ ನೋಡ್ರಿ," ಅಂದ. ಚಪ್ಪಲಿ ಹೊರಗ ಬಿಡಬೇಕು. ಒಳಗ ಚಳಿ. ಗ್ವಾಡಿಗೆ ಒಂದು ಕಪಾಟದಷ್ಟು ಪೆಟಿಗಿ ಗುಂಯ್ ಅಂತಿತ್ತು. ಇವರ ಮುಂದ ಕರಿ ಗಾಜು, ಅದರಾಗ ಹಸರು ಅಕ್ಷರ. ಇಂಗ್ಲೀಷ. ನನಗ ಓದಾಕ ಬರೂದಿಲ್ಲ. ಅವರು ಬೆರಳಿಟ್ಟು ಹೇಳಿದರು. ಇದು ಕಚ್ಚಾ. ಇದು ಫಕೀರವ್ವ, ನೂರಾ ಎಂಬತ್ತೇಳು. ಇದು ಖಾಲಿ ಚೌಕ.

ಆ ಚೌಕದಾಗ ಮಾಯಪ್ಪ ಅಂತ ಬಡದರು. ಮೂವತ್ತು ವರ್ಷ ಯಾರೂ ಅನ್ನದ ಹೆಸರು ಹಸರಾಗಿ ಹತ್ತಿತು.

ಆಮ್ಯಾಲ ಆ ಒಂದು ಮಾತು ಬಡದರು. ಬಡಿಯುವಾಗ ನನಗ ತಿಳಿಯೂಹಂಗ ಹೇಳಿದರು. ಪಕ್ಕಾದೊಳಗ ಹಾಕು. ಕಚ್ಚಾದಾಗಿಂದ. ಎಲ್ಲಾ. ಕಡೀಕ ಚುಕ್ಕಿ ಇದ್ದ ಕಾಮಾ. ಒಂದು ಗುಂಡಿ ಒತ್ತಿದರು.

ಏನೂ ಆಗಲಿಲ್ಲ. ಪೆಟಿಗಿ ಗುಂಯ್ ಅಂತಿತ್ತು. ನಾ ಸೆರಗು ಹಿಡಕೊಂಡು ನಿಂತಿದ್ದೆ. ನಮ್ಮಪ್ಪ ಭಟ್ಟಿ ಬಾಗಿಲ ಮುಚ್ಚಿ ಹಿಂಗ ನಿಲ್ಲತಿದ್ದ.

ಒಂದು ಸಾಲು ಬಂತು. ಸಣ್ಣ ಸಾಲು.

"ಮುನ್ನೂರ ಹನ್ನೆರಡು," ಅಂತ ಅವರು ಓದಿದರು. "ಎಲ್ಲಾರೂ ಹೋದರು, ಕಾಶೀ."

"ಕಾಯಂ ಆತೇನು?"

"ಇನ್ನೊಂದು ಶಬ್ದ ಐತಿ. ಅದನ್ನ ಅನ್ನೂತನ ಕಾಯಂ ಅಲ್ಲ." ಅದನ್ನೂ ಬಡದರು. "ಈಗ ಆತು."

ಒಂದು ಕಣ್ಣು ಪಿಳುಕಿಸೂದರಾಗ ಮುನ್ನೂರ ಹನ್ನೆರಡು ಮಂದಿ ಒಳಗ ಹೋಗಿದ್ದರು. ನೂಕಾಟ ಇಲ್ಲ. ಗೌಡರ ಕಡೆಯವರು ಮುಂದ, ಹೆಂಗಸರು ಹಿಂದ ಅನ್ನೂದಿಲ್ಲ. ಯಲ್ಲಪ್ಪನ ಭೀಮಕ್ಕನೂ ಕಲ್ಲಪ್ಪನ ನಿಂಗವ್ವನೂ ಮಾಯಪ್ಪನ ಫಕೀರವ್ವನೂ ಒಂದ ಹೊತ್ತಿಗೆ ಹೊಸ್ತಿಲ ದಾಟಿದರು. ನಾ ಬಾಳ ಗುಡಿ ನೋಡೀನಿ. ಅಲ್ಲೆಲ್ಲೂ ನನಗ ಹಂಗ ಆಗಿಲ್ಲ. ಪೆಟಿಗಿಗೆ ಕನಿಕರ ಇಲ್ಲ, ಗೊತ್ತೈತಿ ನನಗ. ಅದಕ್ಕ ಫಕೀರವ್ವ ಯಾರು ಅಂತ ತಿಳಿಯೂದಿಲ್ಲ. ನಿಯಮ ಅಷ್ಟ ಐತಿ. ಆ ನಿಯಮ ಹಾಕಿದ್ದು ನನ್ನ ಗಂಡ. ಆ ನಾಕು ಶಬ್ದ ಬಡೀದ ಬಿಟ್ಟಿದ್ದೂ ನನ್ನ ಗಂಡ. ಯಂತ್ರ ನೋಡಿ ಬೆರಗಾತು. ಅದರ ಮುಂದ ಕೂತ ಬಿಳಿ ಅಂಗಿ ನೋಡಿ ಇನ್ನೂ ಬೆರಗಾತು. ಹದಿನೇಳು ವರ್ಷ ಈ ಮನಷ್ಯಾಗ ರೊಟ್ಟಿ ಬಡದಿದ್ದೆ. ಇಷ್ಟ ದೊಡ್ಡಾಂವ ಅಂತ ಗೊತ್ತಿರಲಿಲ್ಲ.

ಛಾಪಿಸೂ ಯಂತ್ರ ಕಟಕಟ ಅಂತ ಹಾಳಿ ಉಗಳಾಕ ಹತ್ತಿತು. ಯಾದಿ ಮೂರೂವರಿಗೆ ಕಮಿಟಿಯವರ ಕೈಗೆ ಹೋತು.

ಮಳಿಗಾಲ ಮುಗದ ಮ್ಯಾಲ ಚೀಟಿ ಎತ್ತಿದರು. ಫಕೀರವ್ವಗ ಮಾಳದ ತುದಿಗೆ ಜಾಗಾ ಬಂತು. ಮಂದಿ ಕೂಡಿ ಒಂದು ಖೋಲಿ ಎಬ್ಬಿಸಿಕೊಟ್ಟರು. ಮುಕ್ಕಾದ ಹೆಂಚು ಕಾರ್ಖಾನಿಯವರು ಕೊಟ್ಟರು. ಬಾಗಿಲದ ಮ್ಯಾಲ ತಮ್ಮಣ್ಣ ಮೇಸ್ತ್ರಿ ಸುಣ್ಣದಾಗ ಬರದ: ಫಕೀರವ್ವ ಮಾಯಪ್ಪ, ನೂರಾ ಎಂಬತ್ತೇಳು.

ನನ್ನ ಗಂಡ ಮುಂದಿನ ವರ್ಷ ಶ್ರಾವಣದಾಗ ತೀರಿಕೊಂಡರು. ಮುಂಜಾನೆ. ಚಹಾ ಕುಡದು ಕಪ್ಪು-ಬಸಿ ಕೆಳಗ ಇಟ್ಟರು. ನಾ ಒಲಿ ಮುಂದ ಕೂತು ಏನೋ ಹೇ‍ಳತಿದ್ದೆ. ಹೊಳ್ಳಿ ನೋಡಿದರ ತೊಡಿ ಮ್ಯಾಲ ಬೆರಳು ನಿಂತಿದ್ದವು. ಅದಕ್ಕ ತಿಳೀತು. ನಲವತ್ನಾಕು ವಯಸ್ಸು.

ಡಾಕ್ಟರು ಹೃದಯ ಅಂದರು. ಮಂದಿ ನಾಲಿಗಿ ಅಂದರು. ಮಣ್ಣಿಗೆ ಬಂದ ಖಾನಾಪುರದವರ ಬಾಯಿಂದ ಸುದ್ದಿ ಓಣಿಗೆ ಬಂತು. ನಮ್ಮ ನೆಗೆಣ್ಣಿ ಸಂಗವ್ವ ನನ್ನ ಮುಂದ ಕೂತು, "ನಡು ಶೆಡ್ಡಿನಾಗ ಹೆಸರು ಹಿಡದು ಒದರಿದಿಯಂತಲ್ಲ," ಅಂದಳು. ಮತ್ತೇನೂ ಅನ್ನಲಿಲ್ಲ. ಅನ್ನೂದು ಬೇಕಾಗಿರಲಿಲ್ಲ. ನಾನ ಅದನ್ನ ದಿನಾ ಅಂತಿದ್ದೆ, ಒಳಗ. ಮಾತು ಬಿಟ್ಟೆ. ಮೂರು ತಿಂಗಳು ಯಾರ ಕೂಡಾನೂ ಮಾತಾಡಲಿಲ್ಲ. ಕೇಳಿ ಬರಕೊಳ್ಳಾಂವ ಇರಲಿಲ್ಲ.

ಕಾರ್ತೀಕದಾಗ ಫಕೀರವ್ವ ಬಂದಳು. ಬೆಳಗಾವಿ ಒಮ್ಮೆಯೂ ನೋಡಿದಾಕಿ ಅಲ್ಲ. ಬಸ್ ಹತ್ತಿ, ಕೇಳಕೋತ ಕೇಳಕೋತ ಶಿವಬಸವ ನಗರಕ್ಕ ಬಂದಿದ್ದಳು. ಸೆರಗಿನಾಗ ಅವರಿಕಾಯಿ ಕಟ್ಟಕೊಂಡು ಬಂದಿದ್ದಳು. ತನ್ನ ಹಿತ್ತಲದಾಗ ಬೆಳದದ್ದು ಅಂದಳು. ಕೂತಳು. ನೀರು ಕುಡದಳು.

"ಯವ್ವಾ, ನಾಲಿಗಿ ತಿಂತು ಅಂತ ಕುಂತೀಯೇನು?"

ನಾ ಅವರಿಕಾಯಿ ಬುಟ್ಟಿಗೆ ಸುರದೆ.

"ನಾ ಮೂವತ್ತು ವರ್ಷ ಕುಂತಿದ್ದೆ. ಈಗ ಒಂದು ಮಾತು ಕೇಳತೀನಿ, ಹೇಳು. ಹೆಸರು ಅಂದ್ರ ಸಾಯೂದು ಖರೇ ಆದ್ರ, ಆ ಪೆಟಿಗಿ ಅವತ್ತು ಮುನ್ನೂರು ಮಂದೀನ ಒಮ್ಮೆಲೆ ಕರದಿತ್ತಲ್ಲ? ಬರಿ ಹೆಸರಿಲೆ ಕರೀತು. ಒಡಪು ಹಾಕಿತೇನು ಅದು? ಇಲ್ಲ. ಎಲ್ಲಾರೂ ಸತ್ತರೇನು?"

"ಇಲ್ಲ," ಅಂದೆ. ಮೂರು ತಿಂಗಳ ಮ್ಯಾಲ ಬಂದ ಮೊದಲನೇ ಮಾತು.

"ಭೀಮಕ್ಕನ ಗಂಡ ಕುಡಕೋತ ಅದಾನ. ನಿಂಗವ್ವನ ಗಂಡ ಗೊರಕಿ ಹೊಡಕೋತ ಅದಾನ. ಮಾಳದ ತುಂಬ ಅದಾರ ಎಲ್ಲಾರೂ, ಬಂದು ನೋಡು. ಹೊಳಿ ಬಂತು, ನನ್ನ ಗಂಡ ಹೋದ. ಎದಿ ನಿಂತು, ನಿನ್ನ ಗಂಡ ಹೋದ. ಇಷ್ಟ. ಇದನ್ನ ತಿಳಕೊಳ್ಳಾಕ ನನಗ ಗ್ವಾಡಿ ಬೇಕಾತು ನೋಡು. ಖೋಲಿಯೊಳಗ ಒಬ್ಬಾಕಿ ಕುಂತು ಯೋಚನಿ ಮಾಡಿದೆ. ಶೆಡ್ಡಿನಾಗ ಇದ್ದಿದ್ರ ಹೊಳೀತಿದ್ದಿಲ್ಲ."

ಆಕಿ ಅವರಿಕಾಯಿ ಸುಲೀತಿದ್ದಳು. ನಾನೂ ಬಾಜೂಕ ಕೂತು ಸುಲದೆ.

"ನಾ ಈಗ ದಿನಾ ಕರೀತೀನಿ," ಅಂದಳು. "ಬಾಗಿಲದಾಗ ನಿಂತು ಮಾಯಪ್ಪಾ ಅಂತೀನಿ. ಸುಖ ಆಗತೈತಿ. ನೀನೂ ಕರಿ."

ಸಂಜೀ ಬಸ್ಸಿಗೆ ಆಕೀನ್ನ ಹತ್ತಿಸಿ ಮನಿಗೆ ಬಂದೆ. ಅವರ ಮೂರು ಅಂಗಿ ಗೂಟಕ್ಕ ಇದ್ದವು. ಬಾಗಿಲ ಹಾಕಲಿಲ್ಲ. ಓಣಿಗೆ ಕೇಳಿದರ ಕೇಳಲಿ ಅಂತ ಜೋರಾಗಿ ಕರದೆ.

"ಗುರುಪಾದಪ್ಪಾ."

ನಿಂತು ಕೇಳಿದೆ. ಯಾರೂ ಓ ಅನ್ನಲಿಲ್ಲ.

ಈಗ ದಿನಾ ಕರೀತೀನಿ.